ಚರಂಡಿಯಿಂದ ಶುರುವಾದ ವಿಜ್ಞಾನ: ಟಾಟಾ ಇನ್‌ಸ್ಟಿಟ್ಯೂಟಿನ ಸೂಕ್ಷ್ಮಜೀವಿಗಳ ಕಥೆ

ಬೆಂಗಳೂರಿನಲ್ಲಿ ಸೂಕ್ಷ್ಮಜೀವಿಗಳ ಸಂಶೋಧನೆ ಎಲ್ಲಿಂದ ಶುರುವಾಯಿತು ಅಂತ ಕೇಳಿದರೆ ಹೆಚ್ಚಿನವರು ಪ್ಲೇಗ್ ಅನ್ನುತ್ತಾರೆ. ಹಾಗೆ ಅನ್ನಿಸುವುದು ಸಹಜ. 1898ರಲ್ಲಿ ಊರಿಗೆ ಪ್ಲೇಗ್ ಬಂತು, ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು, ಆಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಪ್ಲೇಗಮ್ಮನ ಗುಡಿಗಳು ಇನ್ನೂ ಇವೆ. ಆದರೆ ಪ್ಲೇಗಿನಿಂದ ಬೆಳೆದ ಪ್ರಯೋಗಾಲಯ ಬೇಕೆಂದರೆ ನೀವು ಮುಂಬೈಗೆ ಹೋಗಿ ಹಾಫ್‌ಕಿನ್ ಸಂಸ್ಥೆಯನ್ನು ನೋಡಬೇಕು. ಹುಚ್ಚುನಾಯಿ ಕಡಿತದ ಲಸಿಕೆಗೆ ಅಂತ ಶುರುವಾದದ್ದು ಕಸೌಲಿ ಮತ್ತು ಕೂನೂರಿನ ಪಾಶ್ಚರ್ ಸಂಸ್ಥೆಗಳು. ಅವೆಲ್ಲ ರೋಗಿಯಿಂದ, ವೈದ್ಯರಿಂದ ಹುಟ್ಟಿದವು.

ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ದಾರಿ ಬೇರೆ. ಇಲ್ಲಿ ಸೂಕ್ಷ್ಮಜೀವಿ ಚರಂಡಿ ನೀರಿನ ಮೂಲಕ ಬಂತು. ಅದನ್ನು ಕರೆದುಕೊಂಡು ಬಂದವರು ಕೆಮಿಸ್ಟ್ರಿಯವರು. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ವಿಷಯ. ಕೆಮಿಸ್ಟ್ರಿಯವರು ಶುರು ಮಾಡಿದ್ದರಿಂದ ಇಲ್ಲಿನ ಕೆಲಸಕ್ಕೆ ಒಂದು ಗುಣ ಬಂತು, ಜೊತೆಗೇ ಒಂದು ಕೊರತೆಯೂ ಬಂತು.

ಸಂಸ್ಥೆಯ ಇತಿಹಾಸ ನಿಮಗೆಲ್ಲ ಗೊತ್ತಿರುವುದೇ. ಜಮ್‌ಶೆಟ್‌ಜಿ ಟಾಟಾ ಕನಸು ಕಂಡರು, ಮೈಸೂರು ಸರ್ಕಾರ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಸಂಸ್ಥೆ ಅಧಿಕೃತವಾಗಿ ಸ್ಥಾಪನೆಯಾಯಿತು, 1911ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ಆಗ ಇದ್ದದ್ದು ಕೆಮಿಸ್ಟ್ರಿ ಮತ್ತು ಎಲೆಕ್ಟ್ರಿಕಲ್. ಜೀವಶಾಸ್ತ್ರ ಅನ್ನುವುದು ಬೋರ್ಡಿನ ಮೇಲೆ ಕೂಡ ಇರಲಿಲ್ಲ.

1916ರಲ್ಲಿ ಗಿಲ್ಬರ್ಟ್ ಫೌಲರ್ ಅನ್ನುವವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಿಂದ ಇಲ್ಲಿಗೆ ಬಂದರು. ಮ್ಯಾಂಚೆಸ್ಟರ್ ಆಗ ಬಟ್ಟೆ ಗಿರಣಿಗಳ ಊರು. ಹೊಳೆಗಳೆಲ್ಲ ಕೊಳಕು. ಫೌಲರ್ ಅಲ್ಲಿನ ನಗರಸಭೆಗೆ ಕೊಳಚೆ ನೀರಿನ ಬಗ್ಗೆ ಸಲಹೆ ಕೊಡುತ್ತಿದ್ದ ಕೆಮಿಸ್ಟ್. 1912ರಲ್ಲಿ ಅಮೆರಿಕಕ್ಕೆ ಹೋದಾಗ ಮ್ಯಾಸಚೂಸೆಟ್ಸಿನ ಲಾರೆನ್ಸ್ ಅನ್ನುವ ಊರಿನಲ್ಲಿ ಒಂದು ಪ್ರಯೋಗ ನೋಡಿದರು. ಕೊಳಚೆ ನೀರಿಗೆ ಗಾಳಿ ಊದುತ್ತಿದ್ದರು, ನೀರು ತಿಳಿಯಾಗುತ್ತಿತ್ತು. ವಾಪಸ್ ಬಂದು ಇದನ್ನು ಆರ್ಡರ್ನ್ ಮತ್ತು ಲಾಕೆಟ್ ಅನ್ನುವ ಇಬ್ಬರಿಗೆ ಹೇಳಿದರು. ಅವರು ಕೊಳಚೆ ನೀರನ್ನು ಬಾಟಲಿಗೆ ತುಂಬಿ ಗಾಳಿ ಊದಿದರು. ನೀರು ಪೂರ್ತಿ ಶುದ್ಧವಾಗಲು ಸುಮಾರು 5 ವಾರ ಹಿಡಿಯಿತು. ಇಷ್ಟು ನಿಧಾನವಾದರೆ ಯಾವ ಊರಿಗೂ ಉಪಯೋಗವಿಲ್ಲ. ಆದರೆ ಅವರು ತಳದಲ್ಲಿ ಕೂತ ರಾಡಿಯನ್ನು ಚೆಲ್ಲಲಿಲ್ಲ. ಮೇಲಿನ ತಿಳಿನೀರು ಬಗ್ಗಿಸಿ, ಅದೇ ರಾಡಿಯ ಮೇಲೆ ಹೊಸ ಕೊಳಚೆ ಸುರಿದರು. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ಪ್ರತಿ ಸಲವೂ ಸಮಯ ಕಡಿಮೆಯಾಗುತ್ತಾ ಬಂದು, ಕೊನೆಗೆ 24 ಗಂಟೆಯೊಳಗೆ ಕೆಲಸ ಮುಗಿಯತೊಡಗಿತು. 1914ರಲ್ಲಿ ಇದನ್ನು ಪ್ರಕಟಿಸಿದರು. ಇವತ್ತು ಪ್ರಪಂಚದಲ್ಲಿ ಅತಿ ಹೆಚ್ಚು ಕೊಳಚೆ ನೀರು ಶುದ್ಧವಾಗುವುದು ಈ ವಿಧಾನದಲ್ಲೇ. ಆ್ಯಕ್ಟಿವೇಟೆಡ್ ಸ್ಲಡ್ಜ್ ಅನ್ನುತ್ತಾರೆ.

ನಿಮ್ಮಲ್ಲಿ ಅಪಾರ್ಟ್‌ಮೆಂಟಿನಲ್ಲಿ ಇರುವವರು ಎಷ್ಟು ಜನ? ಸುಮಾರು ಕೈ ಮೇಲೆದ್ದಿವೆ. ಹಾಗಿದ್ದರೆ ನಿಮ್ಮ ಬೇಸ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಫೌಲರ್ ಬಳಗದ ಬ್ಯಾಕ್ಟೀರಿಯಾ ಇವೆ ಅಂತ ಇಟ್ಟುಕೊಳ್ಳಿ. ಒಂದು ದಿನ ಕೆಳಗೆ ಹೋಗಿ ಅಲ್ಲಿನ ಆಪರೇಟರ್ ಏನು ಮಾಡುತ್ತಾನೆ ನೋಡಿ. ಗಾಳಿ ಊದುವ ತೊಟ್ಟಿಯಿಂದ 1 ಲೀಟರ್ ನೀರು ತೆಗೆದು ಉದ್ದನೆಯ ಅಳತೆ ಜಾಡಿಗೆ ಹಾಕಿ ಅರ್ಧ ಗಂಟೆ ಅಲುಗಾಡಿಸದೆ ಇಡುತ್ತಾನೆ. ಮೊದಲು ಎಲ್ಲ ಒಂದೇ ಕಂದು ಬಣ್ಣ. ಐದು ನಿಮಿಷಕ್ಕೆ ಸಣ್ಣ ಸಣ್ಣ ಹತ್ತಿಯ ಚೂರಿನಂಥವು ಕೂಡಿಕೊಂಡು ಕೆಳಗಿಳಿಯಲು ಶುರುವಾಗುತ್ತವೆ. ಅರ್ಧ ಗಂಟೆ ಆಗುವಷ್ಟರಲ್ಲಿ ಜಾಡಿಯ ಕೆಳಭಾಗದಲ್ಲಿ ಕಂದು ರಾಡಿ, ಮೇಲೆ ತಿಳಿ ನೀರು. ರಾಡಿ ಎಷ್ಟು ಎತ್ತರ ನಿಂತಿದೆ ಅಂತ ಗುರುತು ನೋಡಿ ಪುಸ್ತಕದಲ್ಲಿ ಬರೆಯುತ್ತಾನೆ. ಬಣ್ಣ ಕಂದಾಗಿದ್ದು ಮಣ್ಣಿನ ವಾಸನೆ ಬಂದರೆ ಬ್ಯಾಕ್ಟೀರಿಯಾ ಆರಾಮಾಗಿವೆ. ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೆ ಯಾರೋ ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ಆಫ್ ಮಾಡಿದ್ದಾರೆ ಅಂತ ಅನುಮಾನ ಪಡಬಹುದು. ಅಸೋಸಿಯೇಶನ್ ಮೀಟಿಂಗಿನಲ್ಲಿ ವಾಸನೆ ಬಗ್ಗೆ ಜಗಳ ಆಡುವ ಮೊದಲು ಆ ಪುಸ್ತಕ ತರಿಸಿ ನೋಡಿ.

ಇದು ಬೇಸ್‌ಮೆಂಟಿಗೇ ಮುಗಿಯುವುದಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ. ನೊರೆ ಬಂದದ್ದು, ಕೋರ್ಟಿಗೆ ಹೋದದ್ದು, ಮೂರನೇ ಹಂತದ ಶುದ್ಧೀಕರಣ ಬೇಕು ಅನ್ನುವ ಹೋರಾಟ, ಎಲ್ಲ ನೀವು ಪೇಪರಿನಲ್ಲಿ ಓದಿದ್ದೀರಿ. ಹೋರಾಟಗಾರರ ಮಾತಿನಲ್ಲಿ ಹುರುಳಿದೆ ಅಂತ ನನ್ನ ಅಭಿಪ್ರಾಯ. ಬ್ಯಾಕ್ಟೀರಿಯಾ ತಿನ್ನುವುದು ತಮಗೆ ತಿನ್ನಲು ಬರುವುದನ್ನು ಮಾತ್ರ. ಕಾರ್ಖಾನೆಯ ಲೋಹವನ್ನು ಅವು ಕರಗಿಸಿ ಇಲ್ಲದ ಹಾಗೆ ಮಾಡಲಾರವು.

ಇರಲಿ, ಫೌಲರ್ ಕಡೆಗೆ ಬರೋಣ. ಅವರು ಬಂದಾಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಕಾರ್ಡೈಟ್ ಅನ್ನುವ ಸಿಡಿಮದ್ದು ತಯಾರಿಸಲು ಅಸಿಟೋನ್ ಬೇಕಿತ್ತು. ಬ್ಯಾಕ್ಟೀರಿಯಾದಿಂದ ಅಸಿಟೋನ್ ತೆಗೆಯಬಹುದು ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ಇಲ್ಲಿ ಅದಕ್ಕೆ ಹಿಪ್ಪೆ ಹೂವು ಬಳಸುವ ಪ್ರಯತ್ನ ನಡೆಯಿತು. ಬಟ್ಟೆಗೆ ಹಾಕುವ ನೀಲಿ ಬಣ್ಣದ, ಅಂದರೆ ಇಂಡಿಗೋದ ತೊಟ್ಟಿಯಲ್ಲಿ ನಡೆಯುವ ಹುದುಗಿನ ಬಗ್ಗೆಯೂ ಕೆಲಸವಾಯಿತು. 1921ರಲ್ಲಿ ಬಯೋಕೆಮಿಸ್ಟ್ರಿ ವಿಭಾಗವೇ ಶುರುವಾಯಿತು. ದೇಶದಲ್ಲಿ ಮೊದಲನೆಯದು. ಸೂಕ್ಷ್ಮಜೀವಿಗಳು ಬಹಳ ವರ್ಷ ಈ ವಿಭಾಗದ ಬಾಡಿಗೆದಾರರಾಗಿಯೇ ಇದ್ದವು.

ಈಗ ಶ್ರೀಗಂಧದ ವಿಷಯ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇದು ಸೋತ ಕೆಲಸದ ಕಥೆ, ಸೋತ ಕೆಲಸವನ್ನು ಯಾರೂ ಹೇಳುವುದಿಲ್ಲ.

ಮೈಸೂರು ಸಂಸ್ಥಾನಕ್ಕೆ ಗಂಧ ಅಂದರೆ ಖಜಾನೆ. ಯುದ್ಧದಿಂದ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತಾಗ, ಎಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸುವ ವಿಧಾನ ರೂಪಿಸಿದ್ದು ಇದೇ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್. ಆದರೆ ಕಾಡಿನಲ್ಲಿ ಮರಗಳೇ ಸಾಯುತ್ತಿದ್ದವು. 19ನೇ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿಕೊಂಡ ಸ್ಪೈಕ್ ರೋಗ ಎಲ್ಲ ಕಡೆ ಹಬ್ಬಿತ್ತು. ರೋಗ ಬಂದ ಕೊಂಬೆಯನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಎಲೆ ಚಿಕ್ಕದಾಗುತ್ತಾ, ಬಿರುಸಾಗುತ್ತಾ, ಒತ್ತೊತ್ತಾಗಿ ನೆಟ್ಟಗೆ ನಿಲ್ಲುತ್ತವೆ. ಎರಡು-ಮೂರು ವರ್ಷದಲ್ಲಿ ಮರ ಒಣಗುತ್ತದೆ.

ಮೈಸೂರಿನ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ 1917ರಲ್ಲಿ ಒಂದು ಮುಖ್ಯ ವಿಷಯ ತೋರಿಸಿಕೊಟ್ಟಿದ್ದರು. ರೋಗದ ಮರದ ಕಸಿ ಕಟ್ಟಿದರೆ ಒಳ್ಳೆಯ ಮರಕ್ಕೂ ರೋಗ ಬರುತ್ತದೆ. ಅಂದರೆ ಅಂಟುಜಾಡ್ಯ. ಆದರೆ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುತ್ತಿರಲಿಲ್ಲ. ಬ್ಯಾಕ್ಟೀರಿಯಾ ಇಲ್ಲ, ಬೂಸ್ಟೂ ಇಲ್ಲ. ಕಾಣದಿದ್ದರೆ ವೈರಸ್ ಇರಬೇಕು ಅನ್ನುವುದು ಆ ಕಾಲದ ತೀರ್ಮಾನ. ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಜೊತೆಗಾರರು 1920, 30ರ ದಶಕಗಳಲ್ಲಿ ಇದರ ಬೆನ್ನು ಹತ್ತಿದರು. ಕೆಮಿಸ್ಟ್ರಿಯವರು ಏನು ಮಾಡಬಲ್ಲರೋ ಅದನ್ನೆಲ್ಲ ಮಾಡಿದರು. ರೋಗದ ಎಲೆಯಲ್ಲಿ ಪಿಷ್ಟ ಜಾಸ್ತಿ ಸೇರಿದೆ, ಸುಣ್ಣದ ಅಂಶ ಕಡಿಮೆಯಾಗಿದೆ ಅಂತ ಅಳೆದರು. ಕಸಿ ಕಟ್ಟಿದರು. ಗಂಧ ಬೇರಿನ ಮೂಲಕ ಪಕ್ಕದ ಗಿಡದಿಂದ ಆಹಾರ ಹೀರುವ ಮರ, ಹಾಗಾಗಿ ಯಾವ ಗಿಡ ಪಕ್ಕದಲ್ಲಿದ್ದರೆ ರೋಗ ಹೇಗೆ ಅಂತಲೂ ನೋಡಿದರು. ಮರದ ಒಳಗೆ ಏನಾಗುತ್ತಿದೆ ಅಂತ ಗೊತ್ತಾಯಿತು. ಮಾಡುತ್ತಿರುವವರು ಯಾರು ಅಂತ ಗೊತ್ತಾಗಲಿಲ್ಲ.

ಉತ್ತರ ಬಂದದ್ದು 1969ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಜಪಾನಿನವರು ಹಿಪ್ಪುನೇರಳೆಯ ಇಂಥದ್ದೇ ರೋಗದಲ್ಲಿ ಒಂದು ವಿಚಿತ್ರ ಜೀವಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ಬ್ಯಾಕ್ಟೀರಿಯಾ ಜಾತಿಯದು, ಆದರೆ ಸುತ್ತ ಗೋಡೆಯೇ ಇಲ್ಲ. ಗಿಡದ ಸಕ್ಕರೆ ಹರಿಯುವ ನಾಳದೊಳಗೆ ಬದುಕುತ್ತದೆ. ಈಗ ಫೈಟೋಪ್ಲಾಸ್ಮಾ ಅನ್ನುತ್ತೇವೆ. ಗಂಧದಲ್ಲೂ ಅದೇ ಸಿಕ್ಕಿತು. ಇದನ್ನು ಗಿಡದ ಹೊರಗೆ ತಟ್ಟೆಯಲ್ಲಿ ಬೆಳೆಸುವುದು ಮಹಾ ಕಷ್ಟ. ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಸಿಗುವಂಥದ್ದಲ್ಲ. 1930ರಲ್ಲಿ ಶ್ರೀನಿವಾಸಯ್ಯನವರ ಹತ್ತಿರ ಇದ್ದ ಯಾವ ಉಪಕರಣವೂ ಅದನ್ನು ಹಿಡಿಯುವಂತಿರಲಿಲ್ಲ. ಗಂಧದ ಕಾಡಿಗೆ ಇವತ್ತಿಗೂ ಆ ರೋಗ ಬಿಟ್ಟಿಲ್ಲ. ಟೆಟ್ರಾಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಚುಚ್ಚಿದರೆ ಕೆಲವು ಕಾಲ ಲಕ್ಷಣ ತಗ್ಗುತ್ತದೆ, ಆಮೇಲೆ ಮತ್ತೆ ಶುರು.

ಶ್ರೀನಿವಾಸಯ್ಯನವರ ಹೆಸರು ಬಂದದ್ದಕ್ಕೆ ಒಂದು ಮಾತು. 1933ರಲ್ಲಿ ಮುಂಬೈಯಿಂದ ಕಮಲಾ ಭಾಗವತ್ ಅನ್ನುವ ಹುಡುಗಿ ಇಲ್ಲಿ ಸೀಟು ಕೇಳಿದಳು. ಹೆಣ್ಣು ಅನ್ನುವ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಆಗಲ್ಲ ಅಂದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಲಿ ಅಂತ ಸೇರಿಸಿಕೊಂಡರು. ಆಕೆಯನ್ನು ಕೆಲಸದಲ್ಲಿ ತಯಾರು ಮಾಡಿದವರು ಇದೇ ಶ್ರೀನಿವಾಸಯ್ಯ. 1939ರಲ್ಲಿ ಕೇಂಬ್ರಿಜಿನಿಂದ ಪಿಎಚ್‌ಡಿ ಪಡೆದರು, ಮುಂದೆ ಕಮಲಾ ಸೊಹೊನಿ ಅಂತ ಹೆಸರಾದರು. ತಾಳೆ ಜಾತಿಯ ಮರಗಳಿಂದ ಇಳಿಸುವ ‘ನೀರಾ’ ಪಾನೀಯದ ಪೌಷ್ಟಿಕಾಂಶದ ಮೇಲೆ ಅವರ ಕೆಲಸ ದೊಡ್ಡದು. ರಾಮನ್ ಅವರ ವಿಜ್ಞಾನಕ್ಕೆ ಕೈ ಮುಗಿಯೋಣ, ಈ ವಿಷಯದಲ್ಲಿ ಅವರನ್ನು ಸಮರ್ಥಿಸುವ ಅಗತ್ಯ ನನಗೆ ಕಾಣುವುದಿಲ್ಲ.

1940ರ ದಶಕದಲ್ಲಿ ಹುದುಗಿನ ತಂತ್ರಜ್ಞಾನಕ್ಕೆ, ಅಂದರೆ ಫರ್ಮೆಂಟೇಶನ್ನಿಗೆ ಬೇರೆ ವಿಭಾಗ ಬಂತು, ಔಷಧಶಾಸ್ತ್ರದ ಪ್ರಯೋಗಾಲಯವೂ ಬಂತು. ಮಣ್ಣಿನ ಮತ್ತು ಕೊಳಚೆಯ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡಿದ್ದ ವಿ. ಸುಬ್ರಹ್ಮಣ್ಯನ್ ಮೈಸೂರಿಗೆ ಹೋಗಿ 1950ರಲ್ಲಿ ಸಿಎಫ್‌ಟಿಆರ್‌ಐ ಅನ್ನುವ ಆಹಾರ ಸಂಶೋಧನಾ ಸಂಸ್ಥೆ ಕಟ್ಟಿದರು. ವಿಭಾಗಗಳ ಹೆಸರು ಬದಲಾಗುತ್ತಾ ಬಂದು ಈಗ ಮೈಕ್ರೋಬಯಾಲಜಿ ಅಂಡ್ ಸೆಲ್ ಬಯಾಲಜಿ ಅಂತ ನಿಂತಿದೆ. ಹೆಸರುಗಳ ಈ ವಂಶಾವಳಿ ಬಿಟ್ಟುಬಿಡೋಣ. ಅದರೊಳಗೆ ಬೆಳೆದ ಒಂದು ಕೆಲಸ ನೋಡೋಣ.

ಟಿ. ರಾಮಕೃಷ್ಣನ್ ಅವರು 1950ರ ದಶಕದಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಕೈಗೆತ್ತಿಕೊಂಡರು. ಆಗ ಊರಿನಲ್ಲಿ ಕ್ಷಯದ ಬಗ್ಗೆ ದೊಡ್ಡ ಕೆಲಸ ನಡೆಯುತ್ತಿತ್ತು. ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ 1960ರಲ್ಲಿ ಉದ್ಘಾಟಿಸಿದರು. ಅಲ್ಲಿನವರು ಹಳ್ಳಿ ಹಳ್ಳಿ ಸುತ್ತಿ ಯಾರಿಗೆ ಕ್ಷಯ ಇದೆ, ಅವರು ಡಾಕ್ಟರ ಹತ್ತಿರ ಹೋಗುತ್ತಾರಾ ಇಲ್ಲವಾ ಅಂತ ನೋಡುತ್ತಿದ್ದರು. ಇನ್‌ಸ್ಟಿಟ್ಯೂಟಿನವರು ಕೇಳಿದ್ದು ಇನ್ನೊಂದು ಪ್ರಶ್ನೆ: ಈ ಬ್ಯಾಕ್ಟೀರಿಯಾ ಏನು ತಿನ್ನುತ್ತದೆ, ಅದನ್ನು ಹೇಗೆ ಅರಗಿಸಿಕೊಳ್ಳುತ್ತದೆ?

ಕೇಳಲು ಸುಲಭ. ಈ ಜೀವಿಯ ಜೊತೆ ಕೆಲಸ ಮಾಡಲು ಮಾತ್ರ ತಪಸ್ಸು ಬೇಕು. ನಮ್ಮ ಕರುಳಿನ ಇ. ಕೋಲಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ್ದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತದೆ. ಆಸ್ಪತ್ರೆ ಲ್ಯಾಬಿನಲ್ಲಿ ಇದನ್ನು ಬೆಳೆಸುವ ಹಳೆಯ ಆಹಾರಕ್ಕೆ ಮುಖ್ಯ ಸಾಮಾನು ಕೋಳಿಮೊಟ್ಟೆ. ಮೊಟ್ಟೆಗಳನ್ನು ತೊಳೆದು, ಒಡೆದು, ಕಲಕಿ, ಹಸಿರು ಬಣ್ಣವೊಂದನ್ನು ಸೇರಿಸಿ, ಬಾಟಲಿಗಳನ್ನು ವಾಲಿಸಿ ಇಟ್ಟು ಬಿಸಿ ಮಾಡಿ ಗಟ್ಟಿ ಮಾಡುತ್ತಾರೆ. ಹಸಿರು ಬಣ್ಣ ಬೇರೆ ಬ್ಯಾಕ್ಟೀರಿಯಾ ಬರದ ಹಾಗೆ ತಡೆಯುತ್ತದೆ. ಬಿತ್ತಿದ ಮೇಲೆ ಮೂರು-ನಾಲ್ಕು ವಾರ ಕಾಯಬೇಕು. ಆಗ ಆ ಹಸಿರಿನ ಮೇಲೆ ಕೆನೆ ಬಣ್ಣದ, ಒರಟೊರಟಾದ ಚುಕ್ಕೆಗಳು ಏಳುತ್ತವೆ. ಒಂದು ತಿಂಗಳು ಕಾದ ಮೇಲೆ ಬೂಸ್ಟು ಬಂದಿದೆ ಅಂದರೆ ವಿದ್ಯಾರ್ಥಿಯ ಮುಖ ನೋಡಲಾಗುವುದಿಲ್ಲ.

1952ರಲ್ಲಿ ಐಸೋನಿಯಜಿಡ್ ಅನ್ನುವ ಮಾತ್ರೆ ಬಂದಿತ್ತು. ಅಗ್ಗದ್ದು, ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಇವತ್ತಿಗೂ ಕ್ಷಯದ ಚಿಕಿತ್ಸೆಯಲ್ಲಿ ಅದು ಇದೆ. ತಮಾಷೆ ಅಂದರೆ ಅದು ಹೇಗೆ ಕೊಲ್ಲುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕ್ಷಯದ ಬ್ಯಾಕ್ಟೀರಿಯಾವನ್ನು ಬಿಟ್ಟರೆ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಅದು ಏನೂ ಮಾಡುವುದಿಲ್ಲ, ಯಾಕೆ? ಒಂದು ಸುಳಿವು ಮಾತ್ರ ಇತ್ತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಹಲವು ಕ್ಯಾಟಲೇಸ್ ಅನ್ನುವ ಕಿಣ್ವವನ್ನು ಕಳೆದುಕೊಂಡಿರುತ್ತವೆ ಅಂತ 1954ರಲ್ಲೇ ಗಮನಿಸಿದ್ದರು. ವಿಚಿತ್ರ ಅಲ್ವಾ? ಏನನ್ನೋ ಕಳೆದುಕೊಂಡು ಬಲಶಾಲಿಯಾಗುವುದು.

ಇಲ್ಲಿ ಆರಂಭದಲ್ಲಿ ಹೇಳಿದ ಕೆಮಿಸ್ಟ್ರಿಯ ಗುಣ, ಅಂದರೆ ಬೇರ್ಪಡಿಸಿ, ಶುದ್ಧ ಮಾಡಿ, ಅಳೆದು ನೋಡುವ ಗುಣ ಕೈ ಹಿಡಿಯಿತು. 1975ರಲ್ಲಿ ಬಿ. ಗಾಯತ್ರಿ ದೇವಿ, ಎಂ. ಎಸ್. ಶೈಲಾ, ರಾಮಕೃಷ್ಣನ್ ಮತ್ತು ಕೆ. ಪಿ. ಗೋಪಿನಾಥನ್ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಕ್ಷಯದ ಬ್ಯಾಕ್ಟೀರಿಯಾದಿಂದ ಪೆರಾಕ್ಸಿಡೇಸ್ ಅನ್ನುವ ಕಿಣ್ವವನ್ನು ಬೇರೆ ಪ್ರೋಟೀನಿನ ಕಲಬೆರಕೆ ಇಲ್ಲದ ಹಾಗೆ ಶುದ್ಧ ಮಾಡಿದರು. ನೋಡಿದರೆ ಕ್ಯಾಟಲೇಸ್ ಕೆಲಸ ಮಾಡುವುದೂ ಅದೇ ಪ್ರೋಟೀನು. ಐಸೋನಿಯಜಿಡ್ಡನ್ನು ಬದಲಾಯಿಸುವುದೂ ಅದೇ. ಬಿಸಿ ಮಾಡಿ ನೋಡಿದರು, ಬೇರೆ ಬೇರೆ ತಡೆಕಾರಕ ಹಾಕಿ ನೋಡಿದರು. ಎಲ್ಲ ಕೆಲಸವೂ ಒಂದರದ್ದೇ ಅನ್ನುವುದು ಗಟ್ಟಿಯಾಯಿತು. ಔಷಧ ಕೆಲಸ ಮಾಡುವುದರಲ್ಲಿ ಈ ಕಿಣ್ವದ ಪಾತ್ರ ಇರಬಹುದು ಅಂತ ಬರೆದರು.

1992ರಲ್ಲಿ ಲಂಡನ್ ಮತ್ತು ಪ್ಯಾರಿಸ್ಸಿನ ಗುಂಪೊಂದು ಕ್ಯಾಟಲೇಸ್-ಪೆರಾಕ್ಸಿಡೇಸ್ ತಯಾರಿಸುವ ಜೀನನ್ನು ಹಿಡಿದು, ಅದು ಹೋದರೆ ಐಸೋನಿಯಜಿಡ್ ನಾಟುವುದಿಲ್ಲ, ವಾಪಸ್ ಹಾಕಿದರೆ ನಾಟುತ್ತದೆ ಅಂತ ತೋರಿಸಿತು. ಕ್ಯಾಟ್‌ಜಿ ಅನ್ನುವ ಆ ಜೀನು ಇವತ್ತು ಎಲ್ಲ ಪಠ್ಯಪುಸ್ತಕದಲ್ಲಿದೆ. ನಾವು ನುಂಗುವ ಮಾತ್ರೆ ತಾನಾಗಿ ವಿಷವಲ್ಲ. ಬ್ಯಾಕ್ಟೀರಿಯಾ ತನ್ನ ಸ್ವಂತ ಕಿಣ್ವದಿಂದಲೇ ಅದನ್ನು ಚುರುಕುಗೊಳಿಸಿಕೊಂಡು ಸಾಯುತ್ತದೆ. ಆ ಕಿಣ್ವ ಇಲ್ಲದ್ದು ಬದುಕಿಕೊಳ್ಳುತ್ತದೆ.

ಇದನ್ನು ಮೊದಲು ನಾವೇ ಕಂಡುಹಿಡಿದೆವು ಅಂತ ಎದೆ ತಟ್ಟಿಕೊಳ್ಳುವವರು ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. 1992ರವರ ಹತ್ತಿರ ಜೀನು ಇತ್ತು, ಅದನ್ನು ತೆಗೆದು ಹಾಕಿ ನೋಡುವ ತಂತ್ರ ಇತ್ತು. ಆದರೆ ಪ್ರೋಟೀನನ್ನು ಕೈಯಲ್ಲಿ ಹಿಡಿದು, ಇದರ ಮೇಲೆ ಕಣ್ಣಿಡಿ ಅಂದವರು 17 ವರ್ಷ ಮೊದಲೇ ಬೆಂಗಳೂರಿನಲ್ಲಿದ್ದರು. ಅಷ್ಟು ಹೇಳಿದರೆ ಸಾಕು.

ಅದೇ ಪ್ರಬಂಧದಲ್ಲಿದ್ದ ಗೋಪಿನಾಥನ್ ಮುಂದೆ ರೇಷ್ಮೆಹುಳುವಿನ ಜೀನುಗಳ ಕಡೆ ಹೋದರು. ಶೈಲಾ ಅವರು ವೈರಸ್ಸಿನ ಕಡೆ ತಿರುಗಿದರು. ದನಗಳ ದೊಡ್ಡರೋಗ, ರಿಂಡರ್‌ಪೆಸ್ಟ್. ಹಳ್ಳಿಯಿಂದ ಬಂದ ಹಿರಿಯರಿಗೆ ಇದರ ಹೆಸರು ಕೇಳಿದರೆ ಈಗಲೂ ಗೊತ್ತು, ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. ಶೈಲಾ ಮತ್ತು ಶ್ರೀಗಂಧವನ್ನು ಟಿಶ್ಯೂ ಕಲ್ಚರಿನಲ್ಲಿ ಬೆಳೆಸಿ ಹೆಸರಾಗಿದ್ದ ಜಿ. ಲಕ್ಷ್ಮೀ ಸೀತಾ ಸೇರಿ ಕಡಲೆಕಾಯಿ ಗಿಡದಲ್ಲಿ ಆ ವೈರಸ್ಸಿನ ಒಂದು ಪ್ರೋಟೀನು ಬರುವ ಹಾಗೆ ಮಾಡಿದರು. ಎಲೆ ತಿಂದ ದನಕ್ಕೆ ರೋಗದ ವಿರುದ್ಧ ಪ್ರತಿಕಾಯ ಬಂತು. ಬಸವನಗುಡಿ ಪರಿಷೆಯ ಕಡಲೆಕಾಯಿಗೂ ಇದಕ್ಕೂ ಸಂಬಂಧವಿಲ್ಲ, ಹೆದರಬೇಡಿ! ಅದು ಪ್ರಯೋಗಾಲಯ ಬಿಟ್ಟು ಹೊರಗೆ ಬರಲಿಲ್ಲ, ಬರಬೇಕಾದ ಅಗತ್ಯವೂ ಉಳಿಯಲಿಲ್ಲ. ಮಾಮೂಲಿ ಲಸಿಕೆಯಿಂದಲೇ ರೋಗ ನಿರ್ನಾಮವಾಗಿ, 2011ರಲ್ಲಿ ಪ್ರಪಂಚದಿಂದಲೇ ಹೋಯಿತು ಅಂತ ಘೋಷಿಸಿದರು. ಸಿಡುಬಿನ ನಂತರ ಹೀಗೆ ಹೋದದ್ದು ಇದೊಂದೇ. ಅದರ ತಂಗಿಯಂಥ ಆಡು-ಕುರಿಗಳ ಪಿಪಿಆರ್ ಅನ್ನುವ ರೋಗ ಮಾತ್ರ ಇನ್ನೂ ಇದೆ. ಭಾರತದಲ್ಲಿ ಅದು ಇದೆ ಅಂತ 1989ರಲ್ಲಿ ಮೊದಲು ವರದಿ ಮಾಡಿದವರಲ್ಲೂ ಶೈಲಾ ಇದ್ದರು.

ಈಗ ಆರಂಭದಲ್ಲಿ ಹೇಳಿದ ಕೊರತೆ. ಕೊರತೆ ಅಂದರೆ ರೋಗಿ ದೂರ. ಸಂಸ್ಥೆಯ ಒಳಗೆ ಆಸ್ಪತ್ರೆ ಇರಲಿಲ್ಲ. ಹಾಗಾಗಿ ಯಾವ ಕೆಲಸ ಆಸ್ಪತ್ರೆಯ ಬಾಗಿಲಿಗೆ ಹೋಯಿತೋ ಅದು ಯಾರೋ ಒಬ್ಬರ ಹಟದಿಂದ ಹೋಯಿತು. ರೋಟಾವೈರಸ್ ಇದಕ್ಕೆ ಒಳ್ಳೆಯ ಉದಾಹರಣೆ. ಚಿಕ್ಕ ಮಕ್ಕಳಿಗೆ ವಿಪರೀತ ಭೇದಿ ತರಿಸುವ ವೈರಸ್ ಇದು. ಸಿ. ದುರ್ಗಾ ರಾವ್ ಅವರ ಗುಂಪು ಬೆಂಗಳೂರಿನ ಆಸ್ಪತ್ರೆಗಳ ನವಜಾತ ಶಿಶುಗಳ ಮಲ ಪರೀಕ್ಷಿಸಿತು. ಅಲ್ಲಿ ವೈರಸ್ ಇತ್ತು, ಮಕ್ಕಳಿಗೆ ಭೇದಿ ಮಾತ್ರ ಇರಲಿಲ್ಲ. ಆ ತಳಿಗೆ ಐ321 ಅಂತ ಹೆಸರಿಟ್ಟರು. ಈ ವೈರಸ್ಸಿನ ಜೀನುಗಳು 11 ಬಿಡಿ ತುಂಡುಗಳಲ್ಲಿ ಇರುತ್ತವೆ, ಎರಡು ವೈರಸ್ ಒಂದೇ ಕೋಶಕ್ಕೆ ಹೊಕ್ಕರೆ ತುಂಡುಗಳು ಅದಲು ಬದಲಾಗುತ್ತವೆ. ಐ321ರಲ್ಲಿ 9 ತುಂಡು ಹಸುವಿನ ವೈರಸ್ಸಿನದ್ದು, 2 ಮಾತ್ರ ಮನುಷ್ಯರದ್ದು.

ಭೇದಿ ಬರಿಸದೆ ಕೂತ ವೈರಸ್ ಅಂದರೆ ಲಸಿಕೆಗೆ ಹೇಳಿ ಮಾಡಿಸಿದ ಹಾಗೆ. ದೆಹಲಿಯ ಮಕ್ಕಳಲ್ಲೂ ಇಂಥದ್ದೇ ಒಂದು ಸಿಕ್ಕಿತ್ತು, 116ಇ. ಎರಡನ್ನೂ ಶಿಶುಗಳಲ್ಲಿ ಪರೀಕ್ಷಿಸಿದರು, ಫಲಿತಾಂಶ 2006ರಲ್ಲಿ ಬಂತು. ದೆಹಲಿಯದು ಚೆನ್ನಾಗಿ ಪ್ರತಿರೋಧ ಎಬ್ಬಿಸಿತು. ನಮ್ಮದು ಅಷ್ಟು ಎಬ್ಬಿಸಲಿಲ್ಲ. 116ಇ ಮುಂದೆ ರೋಟಾವ್ಯಾಕ್ ಲಸಿಕೆಯಾಗಿ 2016ರಿಂದ ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ನಿಮ್ಮ ಮೊಮ್ಮಕ್ಕಳಿಗೆ ಬಾಯಿಗೆ ಹನಿ ಹಾಕಿಸಿರುತ್ತೀರಿ. ಐ321 ಅಲ್ಲಿಗೇ ನಿಂತಿತು.

ಪ್ರಯೋಗಾಲಯದ ತಟ್ಟೆಯಲ್ಲಿ ಎರಡೂ ಭರವಸೆ ಹುಟ್ಟಿಸುವಂಥವೇ. ವ್ಯತ್ಯಾಸ ತಿಳಿದದ್ದು ಮಗುವಿನ ಮೈಯಲ್ಲಿ ಮಾತ್ರ. ಈ ಕಾರಣಕ್ಕೇ ಸಂಸ್ಥೆ ಈಗ ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆ ಕಟ್ಟಲು ಹೊರಟಿರುವುದು ನನಗೆ ಸರಿ ಅನ್ನಿಸುತ್ತದೆ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಇದಕ್ಕೆ 425 ಕೋಟಿ ರೂಪಾಯಿ ಕೊಟ್ಟರು. 800 ಹಾಸಿಗೆಯ ಯೋಜನೆ. ನಿಮ್ಮಲ್ಲಿ ಕೆಲವರಿಗೆ ಒಂದು ಆತಂಕ ಇರಬಹುದು: ಆಸ್ಪತ್ರೆ ಬಂದ ಮೇಲೆ ಎಲ್ಲ ದುಡ್ಡು, ಎಲ್ಲ ಗಮನ ರೋಗಗಳ ಕಡೆಗೇ ಹೋದರೆ ಮಣ್ಣು, ಕೊಳಚೆ, ಗಂಧದ ಮರ ಇವನ್ನು ಯಾರು ನೋಡುತ್ತಾರೆ ಅಂತ. ನನಗೂ ಆ ಆತಂಕ ಇದೆ. ಕೋಲಾರದ ಕೆರೆಗೆ ಹೋಗುವ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ, ಅವು ಯಾವ ಔಷಧಕ್ಕೆ ಬಗ್ಗುವುದಿಲ್ಲ ಅನ್ನುವುದು ಆಸ್ಪತ್ರೆಯ ಪ್ರಶ್ನೆಯೂ ಹೌದು, ಚರಂಡಿಯ ಪ್ರಶ್ನೆಯೂ ಹೌದು. ಅದನ್ನು ಕೇಳುವವರು ಎರಡೂ ಕಡೆ ಕೆಲಸ ಮಾಡಿದವರಾಗಿರಬೇಕು. ಅಂಥವರನ್ನು ಈ ಸಂಸ್ಥೆ ತಯಾರು ಮಾಡುತ್ತದಾ ಅಂತ ಸಂಸ್ಥೆ ಜನರಿಗೆ ಬಾಗಿಲು ತೆರೆಯುವ ಮುಂದಿನ ಓಪನ್ ಡೇ ದಿನ ಹೋದಾಗ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ. ಅವರು ಸುಮ್ನೆ ಪೋಸ್ಟರ್ ತೋರಿಸಿ ಕಳಿಸುವವರಲ್ಲ, ನಿಂತು ಉತ್ತರ ಕೊಡುತ್ತಾರೆ.